ಕೊಸರು ನಿಲ್ಲಿಸಿದ ಅಧ್ಯಕ್ಷ

ಕೆಂಭಾವಿಯ ಕಿರಾಣಿ ಅಂಗಡಿ ಈಶಪ್ಪನ ಕೊರಳಿಗೆ ಮೊದಲ ಹಾರ ಬಿದ್ದದ್ದು ಮದುವೆಯಲ್ಲಿ. ಎರಡನೆಯದು ನಿಜಾಮನ ಆಳ್ವಿಕೆ ಮುಗಿದ ಮರುವರ್ಷ, ಊರಿನ ವರ್ತಕರು ಸಂಘ ಕಟ್ಟಿ ಅವನನ್ನು ಅಧ್ಯಕ್ಷನಾಗಿ ಆರಿಸಿದಾಗ. ಆ ಹಾರ ಒಣಗಿ ಉದುರುತ್ತಿದ್ದರೂ ಅಂಗಡಿಯ ಗೂಟದಿಂದ ಇಳಿಸಲು ಅವನಿಗೆ ಮನಸ್ಸಾಗಲಿಲ್ಲ. ಮುಂದೆ ಈ ಕತೆ ಹೇಳಿ ಎಲ್ಲರಿಗಿಂತ ಹೆಚ್ಚು ನಕ್ಕವನೂ ಅವನೇ.

ಸಂಘದ ಮೊದಲ ಠರಾವು: ಬೆಲ್ಲ, ಎಣ್ಣೆಗೆ ಎಲ್ಲ ಅಂಗಡಿಗಳಲ್ಲೂ ಒಂದೇ ದರ. ಯಾವ ದರ ಎಂದು ಮಾತು ಬಂದಾಗ ಊರಿನ ಅತಿ ದುಬಾರಿ ಅಂಗಡಿಯ ದರವೇ ಎಲ್ಲರಿಗೂ ಹಿಡಿಸಿತು. ಆ ಅಂಗಡಿ ತನ್ನದೇ ಆದ್ದರಿಂದ ಈಶಪ್ಪ ಉಬ್ಬಿಹೋದ. ಆ ಭರದಲ್ಲಿ ಎರಡನೇ ಠರಾವನ್ನು ತಾನೇ ತಂದ: ತೂಕದ ಮೇಲೆ ಯಾರೂ ಬಿಟ್ಟಿ ಕೊಸರು ಹಾಕಕೂಡದು, ಹಾಕಿದವರಿಗೆ ದಂಡ. 'ಸಾರ್ವಜನಿಕರ ಹಿತಕ್ಕಾಗಿ' ಎಂದು ಹಲಗೆ ಬರೆಸಿ ತೂಗುಹಾಕಿದ.

ಸಂತೆಯ ದಿನ ಕುರಿ ಸಾಕುವ ಲಾಲಮ್ಮ ಬಂದಳು. ಅವನ ಅಪ್ಪನ ಕಾಲದಿಂದಲೂ ಇಲ್ಲೇ ಬೆಲ್ಲ ಒಯ್ಯುವವಳು. ಕೊಸರಿನ ಚೂರನ್ನು ಬಾಯಿಗೆ ಹಾಕಿಕೊಂಡೇ ಹಟ್ಟಿಯ ಹಾದಿ ಹಿಡಿಯುವವಳು. ಈಶಪ್ಪ ತೂಗಿದ. ಕೈ ರೂಢಿಯಂತೆ ಒಂದು ಚೂರು ಮುರಿದು ಮುಂದೆ ಹೋಯಿತು, ಲಾಲಮ್ಮ ಅಂಗೈ ಚಾಚಿದಳು. ಅಷ್ಟರಲ್ಲಿ ಠರಾವು ನೆನಪಾಗಿ ಕೈ ಹಿಂದಕ್ಕೆಳೆದುಕೊಂಡ. ಚೂರನ್ನು ಎಲ್ಲಿಡಬೇಕೋ ತೋಚದೆ ತನ್ನ ಬಾಯಿಗೇ ಹಾಕಿಕೊಂಡ.

"ಬೆಲ್ಲ ಸಿಹಿ ಅದ ಏನ್ರಿ ಸಾವಕಾರ್ರೆ?" ಎಂದಳು ಲಾಲಮ್ಮ.

"ಸಂಘದ ಠರಾವು ಆಗ್ಯಾದ ಯವ್ವಾ. ಎಲ್ಲಾ ಮಂದಿ ಹಿತಕ್ಕ."

"ಆ ಮಂದ್ಯಾಗ ನಾ ಇಲ್ಲೇನ್ರಿ?"

ಅಧ್ಯಕ್ಷರು ಬಾಯಲ್ಲಿನ ಬೆಲ್ಲ ಚೀಪುತ್ತ ಹಲಗೆಯತ್ತ ಬೆರಳು ತೋರಿಸಿದರು.

ಮುಂದಿನ ಸಂತೆಗೆ ಅವಳು ಎದುರಿನ ಅಂಬ್ರಪ್ಪನ ಅಂಗಡಿಗೆ ಹೋದಳು. ದರ ಅದೇ, ಕೊಸರು ಅಲ್ಲೂ ಇಲ್ಲ. ಆದರೆ ಅಂಬ್ರಪ್ಪ ಅವಳ ಕಣ್ಣೆದುರೇ ಅವಳ ಬೆಲ್ಲ ತಿಂದಿರಲಿಲ್ಲ. ಅವಳ ಹಿಂದೆ ಹಟ್ಟಿಯ ಹೆಂಗಸರೆಲ್ಲ ಹೋದರು. ದುಬಾರಿ ಅಂಗಡಿಗೆ ಇಷ್ಟು ವರ್ಷ ಜನ ಬರುತ್ತಿದ್ದುದು ಆ ಚೂರು ಬೆಲ್ಲಕ್ಕಾಗಿ ಎಂಬುದು, ಖಾಲಿ ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತಾಗ ಈಶಪ್ಪನಿಗೆ ಹೊಳೆಯಿತು. ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡು, ಅದಕ್ಕೆ ಹಲಗೆಯನ್ನೂ ಬರೆಸಿದ್ದ. ಸಂಕಟವಾಯಿತು, ಅದಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

ಮತ್ತೊಂದು ಸಂತೆ ಬಂದಾಗ ತಡೆಯಲಾರದೆ ದಪ್ಪನೆಯ ಬೆಲ್ಲದ ಚೂರು ಹಿಡಿದು ರಸ್ತೆ ದಾಟಿದ. ಅಂಬ್ರಪ್ಪನ ಎದುರೇ ಲಾಲಮ್ಮನ ಕೈಗೆ ಇಟ್ಟ.

"ಅಧ್ಯಕ್ಷರೆ, ದಂಡ ಬೀಳ್ತದ್ರಿ!" ಎಂದು ಅಂಬ್ರಪ್ಪ ಕೂಗಿದ.

"ದಂಡಾನೂ ತಗೋ, ಅಧ್ಯಕ್ಷಗಿರಿನೂ ತಗೋ."

ಲಾಲಮ್ಮ ಅಂಗೈಯನ್ನು ನೋಡಿದಳು. "ಕೊಸರು ಬಂತ್ರಿ ಸಾವಕಾರ್ರೆ. ದರ?"

ಸಂತೆಯ ಜನ ನಿಂತು ನೋಡುತ್ತಿದ್ದರು. ಈಶಪ್ಪ ಉಸಿರೆಳೆದುಕೊಂಡು, ಸಂಘಕ್ಕೆ ಮುಂಚೆ ಅಂಬ್ರಪ್ಪ ಮಾರುತ್ತಿದ್ದ ದರವನ್ನು ಕೂಗಿದ. ತಾನು ಹುಟ್ಟಿದಾಗಿನಿಂದ ಅಷ್ಟು ಅಗ್ಗಕ್ಕೆ ಮಾರಿದವನಲ್ಲ. ಅಂಬ್ರಪ್ಪ ಸುಮ್ಮನಿದ್ದಾನೆಯೇ? ಅದಕ್ಕೂ ಒಂದಾಣೆ ಕಡಿಮೆ ಕೂಗಿದ.

ಲಾಲಮ್ಮ ಅಂಬ್ರಪ್ಪನ ಹತ್ತಿರವೇ ಬೆಲ್ಲ ತೂಗಿಸಿಕೊಂಡಳು. ಈಶಪ್ಪನ ಕೊಸರನ್ನು ಬಾಯಿಗೆ ಹಾಕಿಕೊಂಡು ಹಟ್ಟಿಯ ಹಾದಿ ಹಿಡಿದಳು.