ಸ್ಕೀ ಬಾರದ ಸೆವೆರಿನ್ ಮೇಷ್ಟ್ರು

ಗಂಡ ತೀರಿಕೊಂಡ ಮೇಲೆ ಬುರ್ಗಿ ಟಿರೋಲ್ ಬೆಟ್ಟದ ತುದಿಯ ಊಟದ ಮನೆಯಲ್ಲಿ ಅಡುಗೆಗೆ ಸೇರಿದಳು. ಮೊದಲ ದಿನವೇ ಹಿಂಬಾಗಿಲಿಂದ ಸೆವೆರಿನ್ ಒಳಗೆ ಬಂದ. ಮೈಮೇಲೆ ಸ್ಕೀ ಮೇಷ್ಟ್ರುಗಳ ಕೆಂಪು ಕೋಟು, ಹೆಗಲ ಮೇಲೆ ಹಿಮದಲ್ಲಿ ಜಾರುವ ಸ್ಕೀ ಹಲಗೆ, ಹೋತದಂಥ ಗಡ್ಡ. ಬೇರೆ ಮೇಷ್ಟ್ರುಗಳು ಬಂದರೆ ಹಿಮ ಕರಗಿ ನೆಲವೆಲ್ಲ ಕೊಳವಾಗುತ್ತಿತ್ತು. ಇವನು ಸ್ಕೀ ಒರಗಿಸಿದ ಮೂಲೆ ಮಾತ್ರ ಒಣಗಿಯೇ ಇತ್ತು.

“ಇದಕ್ಕೆ ಹಿಮವೇ ತಾಗಿಲ್ಲವಲ್ಲ ಮೇಷ್ಟ್ರೇ?” ಅಂದಳು ಬುರ್ಗಿ, ಒರೆಸುವ ಬಟ್ಟೆ ಹಿಡಿದುಕೊಂಡು.

“ಶ್! ಮೆಲ್ಲಗೆ ಅಕ್ಕಾ. ನಂಗೆ ಸ್ಕೀ ಬರಲ್ಲ.”

“ಈ ಊರಲ್ಲೇ ಹುಟ್ಟಿದೋನಲ್ವೇನೋ ನೀನು?”

“ಅದೇ ತಾಪತ್ರಯ! ಅದಕ್ಕೇ ಯಾರೂ ಕೇಳಲೇ ಇಲ್ಲ. ಒಂದು ಕ್ರಿಸ್‌ಮಸ್‌ನಲ್ಲಿ ಸ್ಕೀ ಶಾಲೆಯೋರು ಮೇಷ್ಟ್ರುಗಳು ಸಾಲದೆ ಈ ಕೋಟು ತಂದು ಕೈಗಿಟ್ರು. ಬರಲ್ಲ ಅನ್ನೋಕೆ ನಾಚಿಕೆ ಆಯ್ತು.”

ಬೆಟ್ಟದ ಕೆಳಗಿನ ಆ ಕಣಿವೆಯವನನ್ನು ಸ್ಕೀ ಬರುತ್ತಾ ಎಂದು ಕೇಳುವುದೂ ಒಂದೇ, ಹಸುವನ್ನು ಹುಲ್ಲು ತಿಂತೀಯಾ ಎಂದು ಕೇಳುವುದೂ ಒಂದೇ. ಪಾಪ, ಅವರ ಮನೆಯಲ್ಲಿ ಮಕ್ಕಳು ಹಿಂಡುಗಟ್ಟಲೆ, ಸ್ಕೀ ಮಾತ್ರ ಒಂದೇ ಜೊತೆ. ಕಿರಿಯವನಾದ ಸೆವೆರಿನನ ಸರದಿ ಬರುವ ಹೊತ್ತಿಗೆ ಹಿಮ ಕರಗಿ ಹೂ ಬಿಡುತ್ತಿತ್ತು.

ಹಾಗಂತ ಅವನಿಗೆ ಶಿಷ್ಯರ ಕೊರತೆ ಇರಲಿಲ್ಲ. ದೊಡ್ಡ ಹೋಟೆಲಿನ ಸಾಹುಕಾರರೆಲ್ಲ ಅವನೇ ಬೇಕೆನ್ನುತ್ತಿದ್ದರು. ಅವರನ್ನು ಕೇಬಲ್ ಕಾರಿನಲ್ಲಿ ಮೇಲೆ ತಂದು, ಜಗಲಿಯ ಬಿಸಿಲಿಗೆ ಕೂರಿಸಿ, ಕುರಿಚರ್ಮ ಹೊದಿಸುತ್ತಿದ್ದ. ಆಮೇಲೆ ಒಂದು ಬೆರಳು ಗಾಳಿಗೆ ಹಿಡಿದು, “ಇವತ್ತು ಹಿಮ ಸರಿಯಿಲ್ಲ” ಎಂದು ಗಂಭೀರವಾಗಿ ತಲೆಯಾಡಿಸುತ್ತಿದ್ದ. ದನದ ಈಲಿ ಅರೆದು ಕಟ್ಟಿದ ಉಂಡೆ ಹಾಕಿದ ಬುರ್ಗಿಯ ಸಾರು, ಅದರ ಮೇಲೊಂದು ಗುಟುಕು ಸಾರಾಯಿ, ಮತ್ತೆ ಕೇಬಲ್ ಕಾರಿನಲ್ಲೇ ಕೆಳಕ್ಕೆ. ಒಬ್ಬರದೂ ಮೂಳೆ ಮುರಿಯಲಿಲ್ಲ. ಎಂಥ ಅನುಭವಸ್ಥ ಎಂದು ಹೊಗಳಿಕೊಂಡು ಹೋಗುತ್ತಿದ್ದರು.

ಹ್ಯಾಂಬರ್ಗಿನ ಹಡಗಿನ ಸಾಹುಕಾರ್ತಿ ಪೆಟರ್ಸನ್ ಅಮ್ಮ ಪ್ರತಿ ಚಳಿಗಾಲ ಅವನ ಶಿಷ್ಯೆ. ಒಂದು ದಿನ ಆಕೆ ಚಮಚ ಕೆಳಗಿಟ್ಟರು.

“ಸೆವೆರಿನ್, ಸಾರು ಸಾಕು. ಇವತ್ತು ಸ್ಕೀ ಮೇಲೇ ಕೆಳಗಿಳಿಯೋಣ. ಇಷ್ಟು ವರ್ಷ ಪಾಠ ಆಗಿದೆ, ಬರದೆ ಎಲ್ಲಿಗೆ ಹೋಗುತ್ತೆ!”

“ಹಿಮ ಸರಿಯಿಲ್ಲ ಅಮ್ಮಾವ್ರೇ.”

“ಬೆಣ್ಣೆ ಇದ್ದ ಹಾಗಿದೆ!” ಎಂದು ಪಕ್ಕದ ಮೇಜಿನಿಂದ ಕೂಗಿದವನು ಸ್ಕೀ ಶಾಲೆಯ ಯಜಮಾನ.

ಸೆವೆರಿನ್ ಅಡುಗೆಮನೆಗೆ ಓಡಿ ಆಲೂಗಡ್ಡೆ ಮೂಟೆಗಳ ಹಿಂದೆ ಕೂತ.

“ಅಕ್ಕಾ, ನಿಜ ಹೇಳಿದ್ರೆ ಕೋಟು ಹೋಗುತ್ತೆ. ಕೋಟಿಲ್ದೆ ಊರಲ್ಲಿ ನನ್ನ ಯಾರು ಮಾತಾಡಿಸ್ತಾರೆ?”

“ಹೇಳ್ದೇ ಇದ್ರೆ ಆಯಮ್ಮನ ಪ್ರಾಣವೇ ಹೋಗುತ್ತೆ. ಎದ್ದೇಳು!”

ಎದ್ದು ಹೋದ. ಎಲ್ಲರೆದುರು ಹೇಳಿಯೇಬಿಟ್ಟ. ಯಜಮಾನನ ಮುಖ ಕೋಟಿಗಿಂತ ಕೆಂಪಾಯಿತು. “ಬಿಚ್ಚೋ ಅದನ್ನ!” ಸೆವೆರಿನ್ ಬಿಚ್ಚಿ, ಮಡಿಸಿ ಕೊಟ್ಟ.

“ಹಾಗಾದ್ರೆ ಇಷ್ಟು ವರ್ಷ ನಂಗೇನಪ್ಪಾ ಕಲಿಸಿದ್ದು?” ಎಂದರು ಪೆಟರ್ಸನ್ ಅಮ್ಮ.

“ಊಟ ಮಾಡೋದು, ಅಮ್ಮಾವ್ರೇ.”

ಆಕೆ ಕುರಿಚರ್ಮ ಜಾರಿ ಬೀಳುವಷ್ಟು ನಕ್ಕರು. “ಅದನ್ನಂತೂ ಚೆನ್ನಾಗೇ ಕಲಿಸಿದೀಯ. ಬಾ, ಇಬ್ಬರೂ ಸ್ಕೀ ಕಲಿಯೋಣ. ಬುರ್ಗಿ, ನಿಂಗೆ ಬರುತ್ತಾ?”

“ಹೂಂ, ಬರುತ್ತೆ. ನೀವಾದ್ರೂ ಮೊದಲು ಕೇಳಿದಿರಲ್ಲ, ಅದೇ ಸಂತೋಷ.”

ಊಟದ ಮನೆಯ ಹಿಂದಿನಿಂದ ಜಗಲಿಯ ಕಡೆಗೆ ಬರುವ ಇಳಿಜಾರಿನಲ್ಲಿ ಬುರ್ಗಿ ಇಬ್ಬರನ್ನೂ ನಿಲ್ಲಿಸಿದಳು. ಮೊದಲು ನಿಲ್ಲುವುದು, ಆಮೇಲೆ ಹೊರಡುವುದು ಎಂದು ಹೇಳಿದಳು. ಪೆಟರ್ಸನ್ ಅಮ್ಮ ಕೇಳಿಸಿಕೊಂಡರು. ಸೆವೆರಿನ್ ಅಷ್ಟರಲ್ಲೇ ಹೊರಟಿದ್ದ.

ಹಾಗೆ ಕಣಿವೆಗೆ ಇಳಿದವನು ಮತ್ತೆ ಬೆಟ್ಟ ಹತ್ತಲಿಲ್ಲ. ಈಗ ದೊಡ್ಡ ಹೋಟೆಲಿನಲ್ಲಿ ಅತಿಥಿಗಳನ್ನು ಊಟಕ್ಕೆ ಕೂರಿಸುತ್ತಾನೆ. ಕೋಟು ಹಸಿರು. ಊರಿನವರು ಮೊದಲಿಗಿಂತ ಹೆಚ್ಚಾಗಿ ಮಾತಾಡಿಸುತ್ತಾರಂತೆ, ನಗೋದಕ್ಕಾದರೂ. ಅವನು ಬುರ್ಗಿಯನ್ನು ಕೊನೆಯದಾಗಿ ಕೇಳಿದ್ದು ಆ ಮಧ್ಯಾಹ್ನವೇ, ಎರಡೂ ಕೈ ಮೇಲೆತ್ತಿಕೊಂಡು ಜಗಲಿಯಲ್ಲಿ ಕೂತಿದ್ದ ಯಜಮಾನನ ಸಾರಿನ ಬಟ್ಟಲಿನ ಪಕ್ಕದಲ್ಲೇ ಸುಂಯ್ ಎಂದು ಹಾದುಹೋಗುತ್ತಾ:

“ಅಕ್ಕಾ, ಇದನ್ನ ನಿಲ್ಸೋದು ಹೇಗೇ?”