ಹಿಂದಿನ ಸೀಟಿನ ಎರಡು ಊರು

ಒಮಾನಿನ ಸುವೈಕ್‌ನಿಂದ ಮಸ್ಕತ್‌ಗೆ ಹೊರಟಾಗ ಸುಂದರ ಭಾವ ತಮ್ಮ ಗ್ಯಾರೇಜಿನ ಇಬ್ಬರು ಮೆಕ್ಯಾನಿಕ್‌ಗಳನ್ನು ಕಾರಿನ ಹಿಂದಿನ ಸೀಟಿಗೆ ಹತ್ತಿಸಿಕೊಂಡರು.

“ಇಬ್ಬರೂ ರಷ್ಯದವರು ಮಾರಾಯ. ಹೊಸಬರು. ಪಾಪ, ಒಂದು ಮಾತಿಲ್ಲ, ಕತೆಯಿಲ್ಲ,” ಎಂದರು ನನಗೆ.

ಎದುರಿನವರ ಊರು ಕೇಳದಿದ್ದರೆ ನಮ್ಮ ಮಂಗಳೂರಿನವರಿಗೆ ತಿಂದ ಅನ್ನ ಜೀರ್ಣವಾಗುವುದಿಲ್ಲ. ಭಾವ ತಮ್ಮ ಇಂಗ್ಲಿಷಿನಲ್ಲಿ ಕೇಳಿಯೇಬಿಟ್ಟರು.

“ಖಾನ್‌ಕೆಂದಿ,” ಎಂದ ಕಿರಿಯ.

ಹಿರಿಯ ತುಸು ತಡೆದು, “ಸ್ಟೆಪಾನಕೆರ್ಟ್,” ಎಂದ.

ಭಾವನಿಗೆ ಹಳೆಯ ಸೋವಿಯತ್ತಿನವರೆಲ್ಲ ರಷ್ಯದವರೇ; ಆದರೆ ಅಜರ್‌ಬೈಜಾನಿನಿಂದ ಸಿಡಿದು ನಿಂತ ಕರಬಾಖ್‌ನ ಯುದ್ಧ ಆಗ ದಿನವೂ ರೇಡಿಯೋದಲ್ಲಿ ಬರುತ್ತಿತ್ತು. ಇವೆರಡೂ ಅಲ್ಲಿಯ ಒಂದೇ ಊರಿನ ಹೆಸರುಗಳು. ಮೊದಲನೆಯದು ಅಲ್ಲಿಂದ ಓಡಿಬಂದ ಅಜರಿಗಳದು, ಎರಡನೆಯದು ಅಲ್ಲೇ ಉಳಿದ ಆರ್ಮೇನಿಯನ್ನರದು. ಮೊಣಕೈಗೆ ಮೊಣಕೈ ತಾಗಿಸಿ ಕುಳಿತಿದ್ದ ಅವರಿಗೂ ತಾವು ಒಂದೇ ಊರಿನ ಎರಡು ಕಡೆಯವರೆಂದು ಈಗಷ್ಟೇ ಗೊತ್ತಾಗಿತ್ತು. ನನಗೆ ತಿರುಗಿ ನೋಡಲು ಧೈರ್ಯ ಬರಲಿಲ್ಲ.

ಭಾವನಿಗೆ ಇದೊಂದೂ ತಿಳಿಯದು. “ಇವನ ಊರಿಂದ ನಿನ್ನ ಊರಿಗೆ ಎಷ್ಟು ದೂರ? ಬಸ್ಸು ಉಂಟಾ?” ಎಂದು ಉಡುಪಿ-ಕಾರ್ಕಳದ ಲೆಕ್ಕದಲ್ಲಿ ವಿಚಾರಿಸಿದರು.

“ದೂರವೇ ಇಲ್ಲ,” ಎಂದ ಹಿರಿಯ.

ಸ್ವಲ್ಪ ದೂರ ಹೋದ ಮೇಲೆ ಕಿರಿಯ ತಗ್ಗಿದ ದನಿಯಲ್ಲಿ, ನಮಗೂ ತಿಳಿಯುವ ಇಂಗ್ಲಿಷಿನಲ್ಲೇ, ಪಕ್ಕದವನನ್ನು ಕೇಳಿದ:

“ಸಿನಿಮಾ ಟಾಕೀಸಿನ ಹಿಂದೆ, ನೀಲಿ ಗೇಟಿನ ನಮ್ಮ ಮನೆ. ಈಗ ಅದರಲ್ಲಿ ಯಾರಿದ್ದಾರೆ?”

ಭಾವ ನನ್ನ ತೊಡೆ ತಟ್ಟಿದರು. “ಕಂಡೆಯಾ? ಊರು ಕೇಳಿದ ಮೇಲೆ ಬಾಯಿ ಬಿಟ್ಟರು!”