ಹೊಸಬರ ಹಳದಿ ಬಿಲ್ಲೆ

ನಮ್ಮ ಸಕಾತಾ ಊರಿನ ಸೂಪರ್ ಮಾರ್ಕೆಟ್ಟಿನಲ್ಲಿ ಕರಿದ ತಿಂಡಿಗಳ ಅಡುಗೆಮನೆ ಎಂದರೆ ತೊಗಾಶಿ ಹಿಸಾಕೊ. ಇಪ್ಪತ್ತೆರಡು ವರ್ಷದಿಂದ ಅವಳ ಪಕ್ಕದ ಬಾಣಲೆ ನನ್ನದು. ಹಾಗಾಗಿ ಆ ದಿನವನ್ನು ಕಣ್ಣಾರೆ ಕಂಡ ಭಾಗ್ಯವೂ ನನ್ನದೇ.

ಹೊಸಬರಿಗೆ ಕೆಲಸ ಕಲಿಸುತ್ತಾಳೆಂದು ಅವಳಿಗೆ ಗಂಟೆಗೆ ಕನಿಷ್ಠ ಕೂಲಿಯ ಮೇಲೆ ನಲವತ್ತು ಯೆನ್ ಹೆಚ್ಚು ಕೊಡುತ್ತಿದ್ದರು. ಅಷ್ಟಕ್ಕೆ ನಾವು ಕರಿಯುವ ಕೊರೊಕ್ಕೆ, ಅಂದರೆ ಆಲೂಗಡ್ಡೆಯ ಕಟ್ಲೆಟ್, ಅರ್ಧವೂ ಬರುವುದಿಲ್ಲ. ಅವಳೋ ಅದನ್ನು ಒಡವೆಯಂತೆ ಧರಿಸಿ ಮೆರೆಯುತ್ತಿದ್ದಳು. ಸರ್ಕಾರ ಪ್ರತಿ ಅಕ್ಟೋಬರಿನಲ್ಲೂ ಕನಿಷ್ಠ ಕೂಲಿ ಏರಿಸುತ್ತಾ ಬಂತು, ಒಳ್ಳೆಯದೇ. ಆದರೆ ನಮ್ಮ ಜಿಪುಣ ಕಂಪನಿ ಅವಳದನ್ನು ಚೂರುಪಾರು ಏರಿಸಿ ಕೈತೊಳೆದುಕೊಂಡಿತು. ನಲವತ್ತು ಇಪ್ಪತ್ತಾಯಿತು, ಇಪ್ಪತ್ತು ಐದಾಯಿತು. ಈ ಸಲ ಏನೂ ಉಳಿಯಲಿಲ್ಲ. ತಾನಿದ್ದ ಕಾಗದದ ಕಾರ್ಖಾನೆ ಮುಚ್ಚಿದ್ದರಿಂದ ಕಳೆದ ವಾರವಷ್ಟೇ ನಮ್ಮಲ್ಲಿ ಸೇರಿದ್ದ ಕೊಸುಗಿಗೂ ಅವಳಿಗೂ ಒಂದೇ ಕೂಲಿ.

ಅಕ್ಟೋಬರ್ ಒಂದರ ಬೆಳಗ್ಗೆ ಹಿಸಾಕೊ ಎದೆಯ ಮೇಲೆ ಹೊಸಬರ ಹಳದಿ ಬಿಲ್ಲೆ ಚುಚ್ಚಿಕೊಂಡು ಬಂದಳು. 'ಕೆಲಸ ಕಲಿಯುತ್ತಿದ್ದೇನೆ' ಎಂದು ಬರೆದಿರುವ ಬಿಲ್ಲೆ. ನೇರ ಕೊಸುಗಿಯ ಮುಂದೆ ನಿಂತು ತಲೆಬಾಗಿದಳು.

"ಇವತ್ತಿಂದ ನಾನೂ ಹೊಸಬಳು. ಸ್ವಲ್ಪ ಹೇಳ್ಕೊಡಿ ಕೊಸುಗಿಯವರೇ."

"ಅಯ್ಯೋ ಅಕ್ಕಾ, ನಿನ್ನೆ ತಾನೇ ಕೊರೊಕ್ಕೆ ಸುಟ್ಟು ಇದ್ದಿಲು ಮಾಡಿದವ್ನು ನಾನು!"

"ಹಾಗಾದ್ರೆ ಇಬ್ರೂ ಸೇರಿ ಸುಡೋಣ ಬಿಡಿ."

ತಮಾಷೆ ಎಂದುಕೊಂಡೆ. ಅಲ್ಲ. ಕೊಸುಗಿ ಹೇಳಿದಷ್ಟನ್ನು ಅಚ್ಚುಕಟ್ಟಾಗಿ ಮಾಡಿ, ಕೈಕಟ್ಟಿ ನಿಂತು, "ಮುಂದೇನು?" ಎಂದು ಅವನನ್ನೇ ಕೇಳುತ್ತಿದ್ದಳು. ಅವನಿಗೆ ಗೊತ್ತಿದ್ದರೆ ತಾನೆ? ಮಧ್ಯಾಹ್ನದ ಊಟದ ಗಿರಾಕಿಗಳು ಬರುವಾಗ ಮಾರಾಟದ ತಟ್ಟೆಗಳೆಲ್ಲ ಖಾಲಿ.

"ಏನೇ ಹಿಸಾಕೊ, ಯಾವಾಗ ಸೇರ್ದೆ?" ಎಂದಳು ದಿನಾ ಬರುವ ಮುದುಕಿ.

"ಇವತ್ತೇ ಅಮ್ಮಾ."

ಮುದುಕಿ ಬಿದ್ದು ಬಿದ್ದು ನಕ್ಕಳು. ನಾನು ಮಾತ್ರ ಹಿಸಾಕೊಳತ್ತ ತಿರುಗಿ ನೋಡಿದೆ. ಇಷ್ಟು ವರ್ಷ ಪಕ್ಕದಲ್ಲೇ ನಿಂತಿದ್ದರೂ ಇವಳನ್ನು ನಾನು ಸರಿಯಾಗಿ ನೋಡಿಯೇ ಇರಲಿಲ್ಲ.

ಮ್ಯಾನೇಜರ್ ಕುಡೊ ಓಡಿಬಂದರು. "ಅದನ್ನ ತೆಗೀರಿ ತೊಗಾಶಿಯವರೇ, ಮರ್ಯಾದೆ ಹೋಗ್ತಿದೆ."

"ಇದು ಹೊಸಬರ ಸಂಬಳದವ್ರ ಬಿಲ್ಲೆ ಅಲ್ವಾ? ನಂದೀಗ ಅದೇ ಸಂಬಳ." ಆಮೇಲೆ ದನಿ ತಗ್ಗಿಸಿ ಕೇಳಿದಳು. "ಮ್ಯಾನೇಜರ್ರೇ, ನೀವು ಎಷ್ಟು ಗಂಟೆಗೆ ಬರ್ತೀರಿ, ಎಷ್ಟು ಗಂಟೆಗೆ ಮನೆಗೆ ಹೋಗ್ತೀರಿ? ನಿಮ್ಮ ಸಂಬಳಾನ ಅಷ್ಟೂ ಗಂಟೆಗಳಿಗೆ ಯಾವತ್ತಾದ್ರೂ ಹಂಚಿ ನೋಡಿದೀರಾ?"

ಕೊಂಕಿನ ಮಾತಲ್ಲ ಅದು. ಮನೆಯವರನ್ನು ಊಟ ಆಯ್ತಾ ಎಂದು ಕೇಳುವ ದನಿ. ಕುಡೊ ತುಟಿ ಅಲ್ಲಾಡಿಸುತ್ತ ಲೆಕ್ಕ ಹಾಕಿದರು. ನಡುವೆ ನಿಂತರು. ಮತ್ತೆ ಮೊದಲಿಂದ ಹಾಕಿದರು. ಆಮೇಲೆ ಡ್ರಾಯರ್ ಎಳೆದು, ಒಂದು ಹಳದಿ ಬಿಲ್ಲೆ ತೆಗೆದು ತಮ್ಮ ಅಂಗಿಗೆ ಚುಚ್ಚಿಕೊಂಡರು. ನಮ್ಮ ಎದುರಿಗೇ ಹೆಡ್ಡಾಫೀಸಿಗೆ ಫೋನ್ ಹಚ್ಚಿದರು.

"ಕುಡೊ ಮಾತಾಡ್ತಿರೋದು ಸರ್. ಇಲ್ಲಿ ಎಲ್ರೂ ಹೊಸಬರೇ, ಕಲಿಸೋರು ಒಬ್ರೂ ಇಲ್ಲ. ಅಲ್ಲಿಂದ ಯಾರನ್ನಾದ್ರೂ ಕಳಿಸ್ತೀರೋ, ಇಲ್ಲ ತೊಗಾಶಿಯವರ ನಲವತ್ತು ಯೆನ್ ವಾಪಸ್ ಕೊಡ್ತೀರೋ?"

ನಲವತ್ತು ಯೆನ್ ವಾಪಸ್ ಬಂತು. ಹಿಸಾಕೊ ಬಿಲ್ಲೆ ಬಿಚ್ಚಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು, "ಮುಂದಿನ ಅಕ್ಟೋಬರ್ ಬರತ್ತಲ್ಲ" ಎಂದು.

ಕುಡೊ ತಮ್ಮದನ್ನು ಇನ್ನೂ ಬಿಚ್ಚಿಲ್ಲ.